ಕಣದ ಬಿಸಿಲು, ತೋಟದ ನೆರಳು: ಚಿಕ್ಕಮಗಳೂರಿನಲ್ಲಿ ಒಂದು ರೀಲು

ರೀಲ್ ಕ್ಯಾಮೆರಾ, ಅಂದರೆ ಫಿಲ್ಮು ಹಾಕಿ ಫೋಟೋ ತೆಗೆಯುವ ಕ್ಯಾಮೆರಾ, ಕೈಗೆ ಬಂದ ಕೂಡಲೇ ಎಲ್ಲರೂ ಮುಳ್ಳಯ್ಯನಗಿರಿ ಹತ್ತುತ್ತಾರೆ. ಮೊದಲ ರೀಲಿಗೆ ಅದು ಬೇಡ. ಕಾಫಿ ಕೊಯ್ಲಿನ ದಿನಗಳಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ, ಒಂದು ತೋಟದ ಕಣ, ಅದರ ಮಗ್ಗುಲಿನ ಮರದ ನೆರಳು, ಪೇಟೆಯ ಒಂದು ಹೋಟೆಲು ಇಷ್ಟೇ ಇಟ್ಟುಕೊಳ್ಳಿ. ಕಣದ ಬಿಸಿಲಿಗೂ ಹೋಟೆಲಿನ ಒಳಮೂಲೆಗೂ ಬೆಳಕಿನಲ್ಲಿ ಸುಮಾರು ಹತ್ತು ಸ್ಟಾಪ್ ಅಂತರ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ). ಅದನ್ನು ಅಳೆಯಲು ಬಂದರೆ ಉಳಿದದ್ದೆಲ್ಲ ಸಲೀಸು.

ಹಳೆಯ ಕ್ಯಾಮೆರಾ ಕೊಳ್ಳುವಾಗ ಹಿಂದಿನ ಮುಚ್ಚಳ ತೆಗೆದು ಅಂಚಿನ ಕಪ್ಪು ಸ್ಪಂಜು ಮುಟ್ಟಿ ನೋಡಿ. ಡಾಂಬರಿನ ಹಾಗೆ ಕೈಗೆ ಅಂಟಿದರೆ ಬೆಳಕು ಸೋರುತ್ತದೆ, ಸ್ಪಂಜು ಬದಲಿಸಬೇಕು. ಲೆನ್ಸನ್ನು ಕಿಟಕಿಗೆ ಹಿಡಿದು ನೋಡಿ. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು ಹಿಡಿದಿದೆ. ಮಲೆನಾಡಿನ ಮನೆಗಳ ಬೀರುವಿನಿಂದ ಬಂದ ಕ್ಯಾಮೆರಾಗಳಲ್ಲಿ ಇದು ತೀರಾ ಮಾಮೂಲು. ಪೆಂಟಾಕ್ಸ್ ಕೆ1000 ಆದರೆ ಅದರೊಳಗಿನ ಬೆಳಕು ಅಳೆಯುವ ಮೀಟರಿಗೆ ಒಂದು ಎಲ್‌ಆರ್44 ಸೆಲ್ ಸಾಕು. ಅದರ ಮೀಟರಿಗೆ ಸ್ವಿಚ್ ಇಲ್ಲ, ಲೆನ್ಸಿನ ಮುಚ್ಚಳ ಹಾಕದೆ ಇಟ್ಟರೆ ಸೆಲ್ ಸುಮ್ಮನೆ ಸವೆಯುತ್ತದೆ.

ರೀಲು ಇಲ್ಫೋರ್ಡ್ ಎಚ್‌ಪಿ5 ಪ್ಲಸ್, ಕಪ್ಪು-ಬಿಳುಪು ಫಿಲ್ಮು, 400 ವೇಗ (ಬೆಳಕಿಗೆ ಸ್ಪಂದಿಸುವ ಚುರುಕು), 36 ಚಿತ್ರ. ಕಲರ್ ಆದರೆ ರಾಸಾಯನಿಕವನ್ನು 38 ಡಿಗ್ರಿಯಲ್ಲೇ ನಿಲ್ಲಿಸಬೇಕು. ಕಪ್ಪು-ಬಿಳುಪನ್ನು ಮನೆಯ ಬಚ್ಚಲಲ್ಲೇ ಡೆವಲಪ್ ಮಾಡಬಹುದು. ರೀಲು ಹಾಕಿ ಮುಂದಕ್ಕೆ ತಿರುವುವಾಗ ಎಡಗಡೆಯ ಸುತ್ತುವ ಗುಂಡಿ ತಾನೂ ತಿರುಗಬೇಕು. ತಿರುಗದಿದ್ದರೆ ಫಿಲ್ಮು ಹಲ್ಲಿಗೆ ಕಚ್ಚಿಲ್ಲ, 36 ಸಲ ಒತ್ತಿದರೂ ಒಂದು ಚಿತ್ರವೂ ಬರುವುದಿಲ್ಲ.

ಇನ್ನು ಕಣಕ್ಕೆ ಬನ್ನಿ. ಒಂದು ಕಡೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಬೀಜ) ಹರಡಿದ್ದಾರೆ, ತಿಳಿ ಗೋಧಿಬಣ್ಣ. ಇನ್ನೊಂದು ಕಡೆ ಚೆರ್ರಿ (ಸಿಪ್ಪೆ ಸಮೇತ ಇಡೀ ಹಣ್ಣು) ಒಣಗುತ್ತಿದೆ, ಕಡುಕಂದು. ಎರಡರ ಮೇಲೂ ಬೀಳುವುದು ಅದೇ ಬಿಸಿಲು. ಆದರೆ ಮೀಟರಿಗೆ ಅದು ಗೊತ್ತಿಲ್ಲ, ಎದುರಿಗೆ ಇದ್ದದ್ದನ್ನೆಲ್ಲ ಬೂದು ಮಾಡುವುದೇ ಅದರ ಕೆಲಸ. ಪಾರ್ಚ್‌ಮೆಂಟಿಗೆ ಹಿಡಿದರೆ ಬೆಳಕು ಕಡಿಮೆ ಕೊಡಿಸುತ್ತದೆ, ಚೆರ್ರಿಗೆ ಹಿಡಿದರೆ ಜಾಸ್ತಿ. ಅದಕ್ಕೆ ನಿಮ್ಮ ಅಂಗೈಯನ್ನು ಅದೇ ಬಿಸಿಲಿಗೆ ಒಡ್ಡಿ, ಅದನ್ನೇ ಅಳೆದು, ಒಂದು ಸ್ಟಾಪ್ ಹೆಚ್ಚಿಗೆ ತೆರೆಯಿರಿ. ಷಟರ್ ವೇಗ ಸೆಕೆಂಡಿನ 1/500 ಇದ್ದಾಗ ಮೀಟರು ಎಫ್22 ಅಂದರೆ ನೀವು ಎಫ್16 ಇಡಿ (ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಅಂಗೈ ಆ ಬೂದು ಬಣ್ಣಕ್ಕಿಂತ ಒಂದು ಸ್ಟಾಪ್ ತಿಳಿ, ಮೈಬಣ್ಣ ಯಾವುದಿದ್ದರೂ ಹೆಚ್ಚುಕಡಿಮೆ ಇದೇ ಲೆಕ್ಕ. ಬೆಳಗಿನ ಮಂಜಿಗೆ ನೇರವಾಗಿ ಮೀಟರ್ ಹಿಡಿದಾಗಲೂ ಒಂದು ಸ್ಟಾಪ್ ಸೇರಿಸಬೇಕು, ಇಲ್ಲದಿದ್ದರೆ ಮಂಜು ಹೊಗೆಯಂತೆ ಮಂಕಾಗುತ್ತದೆ.

ಸಿಲ್ವರ್ ಓಕ್ ನೆರಳಿಗೆ ಸರಿದರೆ ಅದೇ ರೀಲಿಗೆ 1/125, ಎಫ್4ರ ಆಸುಪಾಸು ಬೇಕಾಗುತ್ತದೆ. ಹೋಟೆಲಿನ ಒಳಗೆ ಟ್ಯೂಬ್‌ಲೈಟ್ ಬೆಳಕಿನಲ್ಲಿ 1/30, ಎಫ್2. ಅಲ್ಲಿ ಕೈ ಅಲುಗದಂತೆ ಮೊಣಕೈಯನ್ನು ಮೇಜಿಗೆ ಊರಿ. ದೋಸೆ ಹುಯ್ಯುವ ಕೈ ಮಸುಕಾಗಿಯೇ ಬರುತ್ತದೆ, ಬರಲಿ. ಯಾರದೇ ಮುಖ ತೆಗೆಯುವ ಮುಂಚೆ “ಅಣ್ಣ, ಒಂದು ಫೋಟೋ ತೆಗೀಲಾ?” ಅಂತ ಕೇಳಿ. “ಯಾವ ಪೇಪರ್‌ನೋರು?” ಅಂತ ತಿರುಗಿ ಕೇಳಿದರೆ ನಿಜ ಹೇಳಿ, ಆಮೇಲೆ ಪ್ರಿಂಟ್ ಕೊಂಡುಹೋಗಿ ಕೊಡಿ.

ಪ್ರಯೋಗ ಹೀಗೆ: 12 ದೃಶ್ಯ, ಒಂದೊಂದಕ್ಕೆ ಮೂರು ಚಿತ್ರ. ಮೊದಲನೆಯದು ಅಳತೆಗೆ ಸರಿಯಾಗಿ, ಎರಡನೆಯದು ಒಂದು ಸ್ಟಾಪ್ ಕಡಿಮೆ, ಮೂರನೆಯದು ಎರಡು ಸ್ಟಾಪ್ ಜಾಸ್ತಿ. ಚಿತ್ರದ ಸಂಖ್ಯೆ, ಎಫ್, ಷಟರ್ ವೇಗ, ಹೊತ್ತು ಇವನ್ನು ಅಲ್ಲೇ ಚೀಟಿಯಲ್ಲಿ ಬರೆದಿಡಿ. ಮನೆಗೆ ಬಂದು ಬರೆಯುತ್ತೇನೆ ಅಂದರೆ ಆಗದ ಮಾತು. ನೆಗೆಟಿವ್ ಎರಡು ಸ್ಟಾಪ್ ಜಾಸ್ತಿಯನ್ನು ತಡೆದುಕೊಳ್ಳುತ್ತದೆ. ಒಂದು ಸ್ಟಾಪ್ ಕಡಿಮೆಯಾದರೂ ನೆರಳಿನ ವಿವರ ಹೋಗತೊಡಗುತ್ತದೆ.

ಕೆಂಪು ಫಿಲ್ಟರ್ ಸಿಕ್ಕರೆ ಗಿಡದ ಮೇಲಿನ ಹಣ್ಣಿಗೆ ಹಾಕಿ ನೋಡಿ. ಬರಿಗಣ್ಣಿಗೆ ಎದ್ದು ಕಾಣುವ ಕೆಂಪು ಹಣ್ಣು, ಹಸಿರು ಎಲೆ ಕಪ್ಪು-ಬಿಳುಪಿನಲ್ಲಿ ಒಂದೇ ಬೂದು ಬಣ್ಣವಾಗಿ ಕಲಸಿಹೋಗುತ್ತವೆ. ಈ ಫಿಲ್ಟರ್ ಹಣ್ಣನ್ನು ಬೆಳ್ಳಗೆ, ಎಲೆಯನ್ನು ಕಪ್ಪಗೆ ಮಾಡುತ್ತದೆ. ಫಿಲ್ಟರ್ ಇಲ್ಲದೆ ಅಳೆದು ಮೂರು ಸ್ಟಾಪ್ ಸೇರಿಸಿ.

ಡೆವಲಪ್ ಮಾಡುವುದು ಐಡಿ-11 ಎಂಬ ಡೆವಲಪರಿನಲ್ಲಿ, ಅಂದರೆ ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ದ್ರಾವಣದಲ್ಲಿ. ಒಂದು ರೀಲು ಹಿಡಿಯುವ ಪ್ಯಾಟರ್ಸನ್ ಟ್ಯಾಂಕಿಗೆ (ಬೆಳಕು ಹೋಗದ ಡಬ್ಬಿ) 150 ಮಿಲಿ ಡೆವಲಪರ್, 150 ಮಿಲಿ ನೀರು. 20 ಡಿಗ್ರಿಯಲ್ಲಿ 13 ನಿಮಿಷ. ಬೇಸಿಗೆಯಲ್ಲಿ ನಲ್ಲಿ ನೀರೇ 24 ಇದ್ದರೆ ಸುಮಾರು 9 ನಿಮಿಷ. ಅಥವಾ ಬಾಟಲಿಯನ್ನು ಮಂಜುಗಡ್ಡೆ ಹಾಕಿದ ಬಕೆಟ್ಟಿನಲ್ಲಿ ನಿಲ್ಲಿಸಿ ತಣಿಸಿ. ಮೊದಲ 10 ಸೆಕೆಂಡಿನಲ್ಲಿ ಟ್ಯಾಂಕನ್ನು ನಾಲ್ಕು ಸಲ ಮಗುಚಿ, ಆಮೇಲೆ ಪ್ರತಿ ನಿಮಿಷದ ಶುರುವಿನಲ್ಲೂ ನಾಲ್ಕು ಸಲ. ಸ್ಟಾಪ್ ಬಾತ್ (ಡೆವಲಪರಿನ ಕೆಲಸ ನಿಲ್ಲಿಸುವ ದ್ರಾವಣ) 10 ಸೆಕೆಂಡ್, ರ‍್ಯಾಪಿಡ್ ಫಿಕ್ಸರ್ 1+4ರಲ್ಲಿ (ಚಿತ್ರವನ್ನು ಕಾಯಂ ಆಗಿ ಉಳಿಸುವ ದ್ರಾವಣ, ಒಂದು ಪಾಲಿಗೆ ನಾಲ್ಕು ಪಾಲು ನೀರು) ಐದು ನಿಮಿಷ. ತೊಳೆಯಲು ಮೂರು ಸಲ ಹೊಸ ನೀರು ಸಾಕು: 5, 10, 20 ಸಲ ಮಗುಚಿ ಚೆಲ್ಲಿ. ಬೋರ್‌ವೆಲ್ ನೀರು ಒಣಗಿದಾಗ ಬಿಳಿ ಕಲೆ ಬಿಡುತ್ತದೆ, ಕೊನೆಯ ಸಲ ಜಾಲಿಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಬಳಸಿ.

ಮಳೆಗಾಲದಲ್ಲಿ ತೊಂದರೆ ಎರಡು. ಟ್ಯಾಂಕಿನ ಸುರುಳಿಯಲ್ಲಿ ತುಸು ತೇವ ಇದ್ದರೂ ಫಿಲ್ಮು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಹೇರ್ ಡ್ರೈಯರಿನಿಂದ ಒಣಗಿಸಿಯೇ ಬೆಳಕು ಹೋಗದ ಕಪ್ಪು ಚೀಲಕ್ಕೆ ಕೈ ಹಾಕಿ, ಫಿಲ್ಮನ್ನು ಸುರುಳಿಗೆ ಸುತ್ತುವುದು ಅದರೊಳಗೇ. ಎರಡನೆಯದು ಒಣಗಿಸುವ ಜಾಗ. ಹಂಡೆ ಒಲೆ ಬೆಚ್ಚಗಿದೆ ಎಂದು ಅದರ ಹತ್ತಿರ ನೇತುಹಾಕಬೇಡಿ, ಹಾರುವ ಬೂದಿ ಹಸಿ ಫಿಲ್ಮಿಗೆ ಅಂಟಿದರೆ ಬಿಡುವುದಿಲ್ಲ.

ಒಣಗಿದ ಮೇಲೆ ಮೊದಲು ಫಿಲ್ಮಿನ ಅಂಚು ನೋಡಿ. ಅಂಚಿನ ಅಕ್ಷರ, ಅಂಕಿ ಕಪ್ಪಗಿದ್ದು ಚಿತ್ರ ತೆಳುವಾಗಿದ್ದರೆ ಬೆಳಕು ಕಡಿಮೆ ಕೊಟ್ಟಿದ್ದೀರಿ. ಅಕ್ಷರವೂ ಮಂಕಾಗಿದ್ದರೆ ಡೆವಲಪ್ ಮಾಡಿದ್ದು ಸಾಲದು. ಅಕ್ಷರ ಕಪ್ಪಗಿದ್ದು ಚಿತ್ರವೇ ಇಲ್ಲದಿದ್ದರೆ ಫಿಲ್ಮು ಹಲ್ಲಿಗೆ ಕಚ್ಚಿರಲಿಲ್ಲ. ಅಕ್ಷರವೂ ಇಲ್ಲ, ಪೂರ್ತಿ ಗಾಜಿನ ಹಾಗಿದೆ ಅಂದರೆ ಡೆವಲಪರ್ ಸತ್ತಿದೆ, ಇಲ್ಲವೇ ಫಿಕ್ಸರ್ ಮೊದಲು ಸುರಿದಿದ್ದೀರಿ.