ಮಲೆನಾಡಿನ ಹಳೆ ಗೋಡೆಗೆ ಸುಣ್ಣವೇ ಸರಿ

ಮಳೆ ಹಿಡಿಯುವ ಮುಂಚೆ ಯಾರಿಗೂ ನನ್ನ ಮಾತು ಬೇಡ. ಆರಿದ್ರಾ ಮಳೆ ಜೋರಾದ ಮೇಲೆ ಒಬ್ಬೊಬ್ಬರೇ ಫೋನ್ ಮಾಡುತ್ತಾರೆ. ‘ದೊಡ್ಡಮ್ಮಾ, ಹಾಲ್ ಗೋಡೆಯ ಬಣ್ಣ ಗುಳ್ಳೆ ಎದ್ದಿದೆ.’ ‘ಅತ್ತೆ, ರೂಮಲ್ಲಿ ಬೂಷ್ಟು ವಾಸನೆ, ಮಲಗೋಕೇ ಆಗ್ತಿಲ್ಲ.’ ಎಲ್ಲರ ಮನೆಯದೂ ಒಂದೇ ಕಥೆ. ಅಜ್ಜನ ಕಾಲದ ಹಂಚಿನ ಮನೆ. ಮಣ್ಣಿನದೋ ಜಂಬಿಟ್ಟಿಗೆಯದೋ ಗೋಡೆ. ಅದರ ಮೇಲೆ ಪುಟ್ಟಿ, ಪುಟ್ಟಿ ಮೇಲೆ ಪ್ಲಾಸ್ಟಿಕ್ ಬಣ್ಣ. ಬೇಸಿಗೆಯಲ್ಲಿ ಮಿರಮಿರ ಮಿಂಚುವಾಗ ಫೋಟೋ ಕಳಿಸಿದ್ದೇ ಕಳಿಸಿದ್ದು. ಸುಣ್ಣ ಹೊಡೆಸಿ ಅಂತ ಯುಗಾದಿಗೆ ಮುಂಚೆಯೇ ಹೇಳಿದ್ದೆ, ಯಾರು ಕೇಳಿದರು? ಅದಕ್ಕೇ ಈಗ ಬರೆದೇ ಇಡುತ್ತಿದ್ದೇನೆ. ಮುಂದಿನ ವರ್ಷವಾದರೂ ಓದಿ ಮಾಡಿ.

ನಮ್ಮ ಮೂಡಿಗೆರೆ, ಕೊಪ್ಪ, ಆ ಕಡೆ ಸಕಲೇಶಪುರ, ಇಲ್ಲೆಲ್ಲ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ ನೀರು ಕುಡಿಯುತ್ತಲೇ ಇರುತ್ತದೆ. ಹೊರಗಿನ ಎರಚಲಿನಿಂದ ಒಂದಿಷ್ಟು, ನೆಲದಿಂದ ಮೇಲೇರಿ ಒಂದಿಷ್ಟು, ಒಳಗೆ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆ ಮತ್ತು ಬಚ್ಚಲಿನ ಹಬೆಯಿಂದ ಇನ್ನೊಂದಿಷ್ಟು. ಕುಡಿದ ನೀರು ಹೊರಗೆ ಹೋಗಬೇಕಲ್ವಾ? ಸುಣ್ಣ ದಾರಿ ಬಿಡುತ್ತದೆ. ಪ್ಲಾಸ್ಟಿಕ್ ಬಣ್ಣ ಬಿಡುವುದಿಲ್ಲ. ನೀರು ಬಣ್ಣದ ಹಿಂದೆಯೇ ನಿಂತು ಗುಳ್ಳೆ ಎಬ್ಬಿಸುತ್ತದೆ, ಆಮೇಲೆ ಹಿಂದಿನ ಗಾರೆಯನ್ನೂ ಕಿತ್ತುಕೊಂಡು ಬೀಳುತ್ತದೆ. ಕಡೂರು, ಅರಸೀಕೆರೆ ಬಯಲಿನಲ್ಲಿ ಆ ಬಣ್ಣ ನಿಂತರೂ ನಿಂತೀತು, ಅಲ್ಲಿ ಮಳೆಯೇ ಕಡಿಮೆ. ಅಲ್ಲಿ ಕಲಿತ ಪೇಂಟರ್ ಮಾತು ಕೇಳಿಕೊಂಡು ಘಟ್ಟದ ಅಂಚಿನ ಮನೆ ಹಾಳು ಮಾಡಬೇಡಿ.

‘ಸುಣ್ಣ ಬಾಳಿಕೆ ಬರಲ್ಲ’ ಅನ್ನುವುದು ಇನ್ನೊಂದು ಮಾತು. ಮಂಜರಾಬಾದ್ ಕೋಟೆಗೆ ಹೋಗಿ ಸೆಲ್ಫಿ ತೆಗೆದುಕೊಂಡು ಬರುತ್ತೀರಲ್ಲ, ಹಾಗೇ ಗೋಡೆಯನ್ನೂ ಮುಟ್ಟಿ ನೋಡಿ. ಟಿಪ್ಪು ಅದನ್ನು ಕಟ್ಟಿಸಿ ಮುಗಿಸಿದ್ದು 1792ರಲ್ಲಿ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಆಗಿದ್ದೇ 1824ರಲ್ಲಿ. ಕಲ್ಲಿಗೆ ಕಲ್ಲು ಕೂಡಿಸಿದ್ದು ಸುಣ್ಣದ ಗಾರೆ. ಸಕಲೇಶಪುರದ ಮಳೆಯಲ್ಲಿ ಅದು ಇನ್ನೂ ನಿಂತಿದೆ.

ಸುಣ್ಣಕ್ಕೆ ಕೈ ಹಾಕುವ ಮುಂಚೆ ಮನೆ ಸುತ್ತ ಒಂದು ಸುತ್ತು ಬನ್ನಿ. ಗೋಡೆಗೆ ಒತ್ತಿಕೊಂಡು ದಾಸವಾಳ, ಕ್ರೋಟನ್ ನೆಟ್ಟು, ವರ್ಷ ವರ್ಷ ಮಣ್ಣು ಏರಿಸಿ ಏರಿಸಿ ಪಾಯವನ್ನೇ ಮುಚ್ಚಿಬಿಟ್ಟಿರುತ್ತೀರಿ. ಆ ಮಣ್ಣು ತೆಗೆಸಿ. ಗಿಡ ಗೋಡೆಯಿಂದ ಎರಡು ಮಾರು ದೂರ ಇರಲಿ. ಕುಂಡಗಳನ್ನೂ ಅಷ್ಟೇ, ಗೋಡೆಗೆ ಆನಿಸಿ ಸಾಲಾಗಿ ಇಡಬೇಡಿ. ಸೂರಿನ ನೀರು ಬೀಳುವ ಗೆರೆಯುದ್ದಕ್ಕೂ ಒಂದು ಪದರ ಜಲ್ಲಿ ಹಾಕಿ. ಆಗ ಕೆಸರು ಗೋಡೆಗೆ ಸಿಡಿಯುವುದಿಲ್ಲ. ಬಸಿಗಾಲುವೆಯಲ್ಲಿ ಕಸ ಕಟ್ಟಿದ್ದರೆ ತೆಗೆಸಿ. ಹಂಚು ಒಡೆದಿದ್ದರೆ ಬದಲಿಸಿ. ಇಷ್ಟೂ ಮಾಡದೆ ಗೋಡೆಗೆ ಏನು ಬಳಿದರೂ ದಂಡ.

ಈಗ ಸುಣ್ಣ. ಕಾಫಿ ಕುಯ್ಲು ಮುಗಿದು ಕಣ ಖಾಲಿಯಾದ ಮೇಲೆ, ಯುಗಾದಿಗೆ ಮುಂಚೆ ಈ ಕೆಲಸ. ಮೇ ಕೊನೆಗೆ ಮೋಡ ನೋಡಿಕೊಂಡು ಓಡಾಡುವುದಲ್ಲ.

ಅಂಗಡಿಯಲ್ಲಿ ಎಷ್ಟು ದಿನದಿಂದ ಬಿದ್ದಿದೆಯೋ ಗೊತ್ತಿಲ್ಲದ ಪ್ಯಾಕೆಟ್ ಪುಡಿ ತರಬೇಡಿ. ಗಾಳಿ ತಾಗಿದ ಸುಣ್ಣಕ್ಕೆ ಕಸುವು ಇರುವುದಿಲ್ಲ. ಸುಟ್ಟ ಸುಣ್ಣದ ಕಲ್ಲನ್ನೇ ತನ್ನಿ. ಕೈಯಲ್ಲಿ ಹಿಡಿದರೆ ಹಗುರ ಇರಬೇಕು. ಭಾರ ಇದ್ದರೆ ಒಳಗೆ ಸರಿಯಾಗಿ ಬೆಂದಿಲ್ಲ ಅಂತಲೇ ಅರ್ಥ. ಒಂದು ಚೂರು ನೀರಿಗೆ ಹಾಕಿದರೆ ಚುಯ್ ಅಂತ ಸದ್ದು ಮಾಡಿ ಒಡೆಯಬೇಕು. ಸುಮ್ನೆ ಕೂತರೆ ವಾಪಸ್ ಕೊಡಿ.

ತರುವಾಗ ತೋಟಕ್ಕೂ ಸೇರಿಸಿ ತನ್ನಿ. ಅಡಿಕೆಗೆ ಕೊಳೆ ಬಾರದ ಹಾಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೂ ಇದೇ ಒಳ್ಳೆ ಸುಣ್ಣ ಬೇಕು. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು, ಇದು ಎಲ್ಲರಿಗೂ ಗೊತ್ತು. ಆದರೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯಬೇಕು, ಉಲ್ಟಾ ಮಾಡಬಾರದು ಅನ್ನುವುದನ್ನು ನಮ್ಮ ಹುಡುಗರು ಪ್ರತಿ ವರ್ಷ ಮರೆಯುತ್ತಾರೆ. ಕಲಸಿದ ಮೇಲೆ ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡಿ. ಚಾಕಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಇರಲಿ, ಅದು ತೋಟದ ವಿಷಯ, ಗೋಡೆಗೆ ಬರೋಣ.

ಸುಣ್ಣ ಅರಳಿಸಲು ಕಬ್ಬಿಣದ ಹಳೆ ಡ್ರಮ್ಮು ಒಳ್ಳೆಯದು. ಅಲ್ಯೂಮಿನಿಯಂ ಪಾತ್ರೆ ಕೂಡದೇ ಕೂಡದು, ಸುಣ್ಣ ಅದನ್ನು ತಿಂದುಹಾಕುತ್ತದೆ. ಪ್ಲಾಸ್ಟಿಕ್ ಬಕೆಟ್ ಶಾಖಕ್ಕೆ ಮೆತ್ತಗಾಗುತ್ತದೆ. ಡ್ರಮ್ಮಿಗೆ ಅರ್ಧ ನೀರು ಮೊದಲು. ಆಮೇಲೆ ಕಲ್ಲು, ಅದೂ ಒಂದೊಂದಾಗಿ. ಸುಣ್ಣದ ಕಲ್ಲು ರಾಶಿ ಹಾಕಿಕೊಂಡು ಮೇಲಿಂದ ನೀರು ಸುರಿಯುವವರನ್ನು ನೋಡಿದ್ದೇನೆ. ಒಂದೇ ಸಲ ಕುದಿದು ಮುಖಕ್ಕೆ ಹಾರುತ್ತದೆ, ಕಣ್ಣೇ ಹೋಗುವ ಕೆಲಸ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು ಹಾಕಿಕೊಳ್ಳಿ. ಮಕ್ಕಳು, ನಾಯಿ ಹತ್ತಿರ ಸುಳಿಯಬಾರದು. ಕಣ್ಣಿಗೆ ಒಂದು ಹನಿ ಬಿದ್ದರೂ ಧಾರಾಳ ನೀರಲ್ಲಿ ತೊಳೆಯುತ್ತಲೇ ಇದ್ದು, ತಕ್ಷಣ ಆಸ್ಪತ್ರೆಗೆ ಹೋಗಿ. ಇದರಲ್ಲಿ ಉದಾಸೀನ ಬೇಡ.

ಕುದಿ ನಿಂತ ಮೇಲೆ ಬಿದಿರು ಕೋಲಿನಲ್ಲಿ ತಳದಿಂದ ತಿರುವಿ. ಗಂಟು ಇರಬಾರದು. ಮೇಲೆ ನಾಲ್ಕು ಬೆರಳು ತಿಳಿನೀರು ನಿಲ್ಲುವಷ್ಟು ನೀರು ಹುಯ್ದು ಮುಚ್ಚಿಡಿ. ಇನ್ನು ಮೇಲೆ ಎಲ್ಲರೂ ಅವಸರ ಮಾಡುತ್ತಾರೆ. ಬೆಳಿಗ್ಗೆ ನೆನೆಹಾಕಿ ಮಧ್ಯಾಹ್ನ ಬಳಿಯುವುದು! ಸರಿಯಾಗಿ ಅರಳದ ಸಣ್ಣ ಸಣ್ಣ ಕಾಳು ಗೋಡೆಗೆ ಹೋಗಿ ಅಲ್ಲೇ ಅರಳುತ್ತದೆ. ಅರಳಿದ ಜಾಗದಲ್ಲೆಲ್ಲ ಗೋಡೆ ಚಿಟಿಚಿಟಿ ಎದ್ದು ಗುಂಡಿ ಬೀಳುತ್ತದೆ. ಕಡಿಮೆ ಅಂದರೂ ಒಂದು ವಾರ ನೆನೆಯಲಿ. ತಿಂಗಳು ಬಿಟ್ಟರೆ ಇನ್ನೂ ಬೆಣ್ಣೆಯಂತಾಗುತ್ತದೆ. ನಮ್ಮತ್ತೆ ಸಂಕ್ರಾಂತಿ ಆದ ಕೂಡಲೇ ಹಿತ್ತಲಲ್ಲಿ ಸುಣ್ಣ ಮುಳುಗಿಸಿ, ಮೇಲೆ ಹಲಗೆ ಮುಚ್ಚಿ, ಹಲಗೆ ಮೇಲೆ ಒರಳುಕಲ್ಲಿನ ಗುಂಡು ಹೇರಿ ಇಡುತ್ತಿದ್ದರು. ಆ ಗುಂಡು ಎತ್ತುವ ಅಪ್ಪಣೆ ಯಾರಿಗೂ ಇರಲಿಲ್ಲ, ಮಾವನವರಿಗೂ.

ಆಮೇಲೆ ಸೋಸುವುದು. ನನ್ನ ಮಾತಿನಲ್ಲಿ ಬೇರೆ ಏನು ಮರೆತರೂ ಸೋಸುವುದನ್ನು ಮರೆಯಬೇಡಿ. ನೆನೆದ ಸುಣ್ಣವನ್ನು ನೀರಲ್ಲಿ ಕದಡಿ, ಹಳೆಯ ಹತ್ತಿ ಪಂಚೆಯನ್ನು ಎರಡು ಮಡಿಕೆ ಮಾಡಿ ಬೇರೆ ಡ್ರಮ್ಮಿನ ಬಾಯಿಗೆ ಸಡಿಲವಾಗಿ ಕಟ್ಟಿ, ತಂಬಿಗೆ ತಂಬಿಗೆಯಾಗಿ ಹುಯ್ಯಿರಿ. ಹಿಂಡಬೇಡಿ, ತಾನಾಗಿ ಇಳಿಯಲಿ. ಹಿಂಡಿದರೆ ಮರಳೂ ಇಳಿಯುತ್ತದೆ. ಬಟ್ಟೆಯಲ್ಲಿ ಉಳಿದ ಗಸಿಯನ್ನು ಮತ್ತೆ ಸೇರಿಸಬೇಡಿ. ನೈಲಾನ್ ಸೀರೆ ಕಟ್ಟಿ ಸೋಸಿದ್ದೇವೆ ಅನ್ನುತ್ತಾರೆ. ಅದರ ಕಣ್ಣಲ್ಲಿ ಎಲ್ಲವೂ ತೂರುತ್ತದೆ, ಅದು ಸೋಸಿದ ಲೆಕ್ಕವೇ ಅಲ್ಲ.

ಸೋಸಿದ ಸುಣ್ಣಕ್ಕೆ ಬಕೆಟ್ಟಿಗೆ ಒಂದು ಚಿಕ್ಕ ಹಿಡಿ ಅಂಟು ಸಾಕು. ಬಿಸಿನೀರಲ್ಲಿ ಪೂರ್ತಿ ಕರಗಿಸಿ ಹಾಕಿ. ಕೆಲವರು ಉಪ್ಪು ಹಾಕಿ ಅನ್ನುತ್ತಾರೆ, ನಮ್ಮ ಕಡೆ ಬೇಡವೇ ಬೇಡ. ಪುಷ್ಯ ಮಳೆಯಲ್ಲಿ ಅಡಿಗೆಮನೆಯ ಉಪ್ಪಿನ ಭರಣಿಯೇ ನೀರೊಡೆಯುತ್ತದೆ, ಗೋಡೆಗೆ ಉಪ್ಪು ತಿನ್ನಿಸಿದರೆ ಅದೂ ನೀರು ಎಳೆಯುತ್ತದೆ. ಬಿಳುಪು ಎದ್ದು ಕಾಣಬೇಕೆಂದರೆ ಬಟ್ಟೆಗೆ ಹಾಕುವ ನೀಲಿ ಎರಡು ಚಿಟಿಕೆ. ಜಾಸ್ತಿ ಆದರೆ ಗೋಡೆಯೇ ನೀಲಿಯಾಗುತ್ತದೆ.

ಹದ ಹೇಗೆ ಗೊತ್ತಾಗಬೇಕು? ಕೋಲು ಅದ್ದಿ ಎತ್ತಿ. ಸುಣ್ಣದ ಅಡಿಯಲ್ಲಿ ಕೋಲಿನ ಬಣ್ಣ ಮಸುಕಾಗಿ ಕಾಣುತ್ತಿರಬೇಕು. ಕೋಲು ಪೂರ್ತಿ ಬೆಳ್ಳಗಾದರೆ ದಪ್ಪ, ನೀರು ಸೇರಿಸಿ. ಎರಡು ಸಲದ ಕೆಲಸ ಒಂದೇ ಸಲ ಮುಗಿಯಲಿ ಅಂತ ದಪ್ಪಗೆ ಬಳಿದರೆ ಅದು ಬಿರುಕು ಬಿಟ್ಟು ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ.

ಗೋಡೆಯ ಹಳೆ ಹಕ್ಕಳೆ, ಬಲೆ, ಪಾಚಿ ಎಲ್ಲವನ್ನೂ ನಾರಿನ ಬ್ರಷ್ಷಿನಲ್ಲಿ ಒಣಗಿರುವಾಗಲೇ ಉಜ್ಜಿ, ಆಮೇಲೆ ತೊಳೆಯಿರಿ. ಗುಂಡಿ ಬಿದ್ದಲ್ಲಿ ಸುಣ್ಣ ಮರಳಿನ ಗಾರೆ ಮೆತ್ತಿ, ಸಿಮೆಂಟು ಬೇಡ. ಪ್ಲಾಸ್ಟಿಕ್ ಬಣ್ಣ ಇದ್ದರೆ ಅಷ್ಟನ್ನೂ ಹೆರೆಸಲೇಬೇಕು, ಅದರ ಮೇಲೆ ಸುಣ್ಣ ಹಿಡಿಯುವುದಿಲ್ಲ. ಖರ್ಚು ಅಂತ ಗೊಣಗಬೇಡಿ. ಅದನ್ನು ಬಳಿಸಿದವರು ನೀವೇ ಅಲ್ವಾ?

ಬಳಿಯುವ ಹಿಂದಿನ ಸಂಜೆ ಗೋಡೆಗೆ ನೀರು ಚಿಮುಕಿಸಿ. ಬೆಳಿಗ್ಗೆ ಬಳಿಯುವ ಮುಂಚೆ ಇನ್ನೊಂದು ಸಲ. ಅಂಗೈ ಇಟ್ಟರೆ ತಣ್ಣಗಿರಬೇಕು, ನೀರು ಇಳಿಯಬಾರದು. ಒಣ ಗೋಡೆಗೆ ಬಳಿದರೆ ಗೋಡೆ ಸುಣ್ಣದ ನೀರನ್ನು ಆ ಕ್ಷಣಕ್ಕೇ ಹೀರಿಕೊಂಡು ಬರೀ ಪುಡಿ ಉಳಿಸುತ್ತದೆ. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ನಿಧಾನಕ್ಕೆ ಮತ್ತೆ ಕಲ್ಲಾಗಬೇಕು, ಅದಕ್ಕೆ ತೇವ ಇರಲೇಬೇಕು. ಆನಿಸಿಕೊಂಡರೆ ಅಂಗಿಗೆಲ್ಲ ಸುಣ್ಣ ಅನ್ನುತ್ತಾರಲ್ಲ, ಅದು ಹೆಚ್ಚಾಗಿ ಬಿಸಿಲಲ್ಲಿ ಒಣ ಗೋಡೆಗೆ ಬಳಿದ ಸುಣ್ಣ. ಪಡುವಣ ಗೋಡೆಯನ್ನು ಬೆಳಿಗ್ಗೆ ಮುಗಿಸಿ, ಮೂಡಣ ಗೋಡೆಯನ್ನು ಸಂಜೆಗೆ ಇಟ್ಟುಕೊಳ್ಳಿ. ಬಿಸಿಲು ನೇರ ಬೀಳುವಾಗ ಕುಂಚ ಕೆಳಗಿಡಿ.

ಕತ್ತಾಳೆ ನಾರಿನ ಕುಂಚವೇ ಇರಲಿ, ರೋಲರ್ ಬೇಡ. ಕುಂಚ ನಾರು ನಾರಾಗಿ ಗೋಡೆಯ ಸಣ್ಣ ಬಿರುಕಿಗೂ ಸುಣ್ಣ ನುಗ್ಗಿಸುತ್ತದೆ. ಮೊದಲ ಸಲ ಮೇಲಿಂದ ಕೆಳಗೆ, ಮಾರನೆ ದಿನ ಲಘುವಾಗಿ ನೀರು ಚಿಮುಕಿಸಿ ಅಡ್ಡಡ್ಡ. ಹಸಿ ಇರುವಾಗ ಏನೂ ಬಳಿದೇ ಇಲ್ಲವೇನೋ ಅನ್ನಿಸುತ್ತದೆ, ಗೋಡೆ ಹಾಗೇ ಕಾಣುತ್ತದೆ. ಕೆಲಸದವರು ಅಲ್ಲೇ ಗಾಬರಿಯಾಗಿ ಮೇಲಿಂದ ಮೇಲೆ ಬಳಿಯುತ್ತಾರೆ, ಬಿಡಬೇಡಿ. ಒಣಗುತ್ತಾ ಬೆಳ್ಳಗಾಗುತ್ತದೆ. ಮಳೆ ಹೊಡೆಯುವ ಪಡುವಣ ಗೋಡೆಗೆ ಮೂರನೇ ಸಲವೂ ಬೇಕು. ಜೂನ್ ಬಂದ ಮೇಲೆ ಆ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ. ಹೋಂಸ್ಟೇ ಮಾಡಿದ್ದೇವೆ, ಸೋಗೆ ಚೆನ್ನಾಗಿ ಕಾಣಲ್ಲ ಅನ್ನುತ್ತೀರಿ. ಬೂಷ್ಟು ಹಿಡಿದ ಗೋಡೆ ಬಂದವರಿಗೆ ಚೆನ್ನಾಗಿ ಕಾಣುತ್ತದಾ?

ಬುಡದಲ್ಲಿ ಮೊಣಕಾಲೆತ್ತರ ಕೆಮ್ಮಣ್ಣಿನ ಪಟ್ಟಿ ಎಳೆಯಿರಿ. ಕೆಮ್ಮಣ್ಣನ್ನು ನುಣ್ಣಗೆ ಜರಡಿ ಹಿಡಿದು ಇದೇ ಸುಣ್ಣದ ತಿಳಿಯಲ್ಲಿ ಕಲಸಿ. ಎಷ್ಟು ಜಲ್ಲಿ ಹಾಕಿದರೂ ನಾಲ್ಕು ಹನಿ ಕೆಸರು ಸಿಡಿದೇ ಸಿಡಿಯುತ್ತದೆ, ಅದು ಪಟ್ಟಿಯಲ್ಲಿ ಗೊತ್ತಾಗುವುದಿಲ್ಲ. ಕೆಮ್ಮಣ್ಣಿನ ಪಟ್ಟಿಯ ಮೇಲೆ ಬಿಳಿ ಗೋಡೆ, ಅದರ ಮೇಲೆ ಹಂಚಿನ ಸೂರು. ನನ್ನ ಕಣ್ಣಿಗೆ ಮಲೆನಾಡಿನ ಮನೆಗೆ ಇದಕ್ಕಿಂತ ಚಂದ ಬೇರೆ ಇಲ್ಲ.

ಒಳಗೆ ಬಳಿಯುವಾಗ ಕೆಂಪು ನೆಲಕ್ಕೆ ಗೋಣಿಚೀಲ ಹಾಸಿ. ಬಿದ್ದ ಸುಣ್ಣವನ್ನು ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಿ. ಒಣಗಿದ ಮೇಲೆ ಕಲೆ ಹೋಗಲ್ಲ ಅಂತ ಆ್ಯಸಿಡ್ ಸುರಿದು ನೆಲದ ಹೊಳಪನ್ನೇ ಸುಟ್ಟ ಮನೆಗಳನ್ನೂ ಕಂಡಿದ್ದೇನೆ. ಆ್ಯಸಿಡ್ ಆ ನೆಲಕ್ಕೆ ತಾಗಲೇಬಾರದು. ಒರೆಸಿ ಒಣಗಿದ ಮೇಲೆ ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದರೆ ಸಾಕು.

ಉಳಿದ ಸುಣ್ಣವನ್ನು ಚೆಲ್ಲಬೇಡಿ. ಮೇಲೆ ನೀರು ನಿಂತಿದ್ದರೆ ಮುಂದಿನ ವರ್ಷಕ್ಕೂ ಕೆಡುವುದಿಲ್ಲ, ಭದ್ರವಾಗಿ ಮುಚ್ಚಿ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಆಗಾಗ ಮುಚ್ಚಳ ತೆಗೆದು ನೀರು ಇಳಿದಿದ್ದರೆ ಹುಯ್ಯಿರಿ. ಒಮ್ಮೆ ಸರಿಯಾಗಿ ಮಾಡಿದ ಗೋಡೆಗೆ ಬರುವ ವರ್ಷ ಒಂದೇ ಸಲ ಬಳಿದರೂ ಆದೀತು. ಕುಂಚವನ್ನು ಮಾತ್ರ ಕೆಲಸ ಮುಗಿದ ಕೂಡಲೇ ತೊಳೆದು, ನಾರು ಕೆಳಗೆ ಮಾಡಿ ನೆರಳಲ್ಲಿ ತೂಗುಹಾಕಿ. ನಾಳೆ ತೊಳೆಯೋಣ ಅಂದರೆ ಅದು ಗಟ್ಟಿಯಾಗಿರುತ್ತದೆ, ಹೊಸದೇ ತರಬೇಕು.