ಪುಸ್ತಕದಲ್ಲಿ ಬಂದಿದ್ದು ಅರ್ಧ, ಮಿಕ್ಕಿದ್ದು ನಾನು ಮಾಡ್ಕೊಂಡಿದ್ದು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದ್ರೆ ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ, ದಾಳ ಹಾಕ್ತಾ ಆಡೋ ಕಥೆ ಆಟ. ಅದರ ಐದನೇ ಎಡಿಷನ್ ನಮ್ಮ ಗುಂಪಿಗೆ ನಡೆಸೋದು ನಾನೇ, ಅಂದ್ರೆ ಡಿಎಂ (ಡಂಜನ್ ಮಾಸ್ಟರ್) ಕೆಲಸ ನಂದು. ಹೊಸ ಪುಸ್ತಕ ಬಂದಾಗೆಲ್ಲ ಇನ್ನೊಂದಷ್ಟು ಸಬ್‌ಕ್ಲಾಸ್ (ಪಾತ್ರಗಳ ಒಳಬಗೆ), ಇನ್ನೊಂದಷ್ಟು ಸ್ಪೆಲ್ (ಮಂತ್ರ), ಇನ್ನೊಂದಷ್ಟು ಮಾನ್‌ಸ್ಟರ್ ಇರುತ್ತೆ, ಆಟಗಾರರಿಗೆ ಖುಷಿ, ನನಗೂ ಬೇಜಾರೇನಿಲ್ಲ, ಆದ್ರೆ ಆಟ ನಡೆಸೋಕೆ ಕೂತವನಿಗೆ ಬೇಕಾಗೋ ಸಾಮಾನೇ ಬೇರೆ. ಅದನ್ನ ನಾನು ಹೇಗೆ ಮಾಡ್ಕೋತೀನಿ ಅಂತ ಬರೀತೀನಿ. ಪಬ್ಲಿಷರ್ ಕಡೆಯಿಂದ ಇನ್ನೂ ಏನು ಬರ್ಬೇಕು ಅನ್ನೋದು ಅದರಲ್ಲೇ ಗೊತ್ತಾಗುತ್ತೆ.

ಮೊದ್ಲು ಅಡ್ವೆಂಚರ್ ಪುಸ್ತಕಗಳು, ಅಂದ್ರೆ ಆಡೋಕೆ ರೆಡಿ ಮಾಡಿಟ್ಟ ಕಥೆಗಳು. ಓದೋಕೆ ಚೆನ್ನಾಗಿರ್ತವೆ, ಕಾದಂಬರಿ ಓದಿದಂಗೆ ಸಾಗುತ್ತೆ, ಕಷ್ಟ ಬರೋದೂ ಅಲ್ಲೇ. ಒಂದು ಕೋಣೆ ವಿವರ ಶುರುವಾದ್ರೆ ಅದನ್ನ ಕಟ್ಸಿದ್ದು ಯಾವ ರಾಜ, ಹಾಳಾಗಿದ್ದು ಹೇಗೆ ಅಂತ ಪುರಾಣ ಎಲ್ಲಾ ಮುಗಿದ್ಮೇಲೆ ನಾಲ್ಕನೇ ಪ್ಯಾರಾದಲ್ಲಿ ಮೂಲೇಲೊಂದು ಓಗರ್ ರಾಕ್ಷಸ ನಿಂತಿದೆ ಅಂತ ಬರುತ್ತೆ, ಅಷ್ಟೊತ್ತಿಗೆ ಆಟಗಾರರು ಬಾಗಿಲು ಒದ್ದು ಒಳಗೆ ಬಂದಾಗಿರುತ್ತೆ. ಅದಕ್ಕೆ ನಾನು ಅಧ್ಯಾಯನ ಒಂದ್ಸಲ ಸುಮ್ನೆ ಓದಿ, ಎರಡನೇ ಸಲ ಮೂರು ಬಣ್ಣದ ಹೈಲೈಟರ್ ಹಿಡ್ಕೊಂಡು ಕೂರ್ತೀನಿ. ಒಳಗೆ ಕಾಲಿಟ್ಟ ತಕ್ಷಣ ಕಣ್ಣಿಗೆ ಬೀಳೋದು ಒಂದು ಬಣ್ಣ, ಹುಡುಕಿದ್ರೆ ಸಿಗೋದು ಇನ್ನೊಂದು, ನನಗೆ ಮಾತ್ರ ಗೊತ್ತಿರಬೇಕಾದ್ದು ಮೂರನೇದು. ಆಮೇಲೆ ಮ್ಯಾಪ್‌ನ ಪ್ರಿಂಟ್ ತೆಗೆದು ಕೋಣೆ ನಂಬರ್ ಪಕ್ಕದಲ್ಲೇ ಬರೀತೀನಿ, ಗಾಬ್ಲಿನ್ ಇಬ್ರು, ನಿದ್ದೆ, ಬಾಗಿಲ ಹತ್ರ ಹಗ್ಗದ ಬಲೆ, ಇಷ್ಟೇ. ಆಟದ ಹೊತ್ತಲ್ಲಿ ಪುಸ್ತಕ ತೆಗೆಯೋದೇ ಕಮ್ಮಿ ಆಯ್ತು.

ಪಾತ್ರಗಳಿಗೆ ಒಂದೊಂದೇ ಸಾಲು. ಅವನಿಗೆ ಏನು ಬೇಕು, ಯಾರಿಗೆ ಹೆದರ್ತಾನೆ, ಏನು ಮುಚ್ಚಿಡ್ತಿದಾನೆ. ಪುಸ್ತಕದಲ್ಲಿ ಇದು ಎರಡನೇ ಅಧ್ಯಾಯದಲ್ಲಿ ಸ್ವಲ್ಪ, ಐದನೇದ್ರಲ್ಲಿ ಸ್ವಲ್ಪ ಹರಡ್ಕೊಂಡಿರುತ್ತೆ, ಒಟ್ಟು ಮಾಡೋಕೇ ಒಂದು ಸಂಜೆ ಬೇಕು. ಇದಕ್ಕಿಂತ ಮುಖ್ಯವಾದ ಹಾಳೆ ಇನ್ನೊಂದಿದೆ, ಯಾರೂ ತಡೀದೇ ಇದ್ರೆ ವಿಲನ್ ಯಾವ ದಿನ ಏನು ಮಾಡ್ತಾನೆ ಅನ್ನೋದು. ಯಾಕಂದ್ರೆ ಆಟಗಾರರು ಪುಸ್ತಕ ಹೇಳಿದ ದಾರೀಲಿ ಹೋಗಲ್ಲ, ಹೋಗ್ಲೂಬಾರ್ದು. ಅವರು ಬೇರೆ ಊರಿಗೆ ಹೋಗಿ ಕೂತ್ರೆ ಈ ಹಾಳೆ ನೋಡ್ಕೊಂಡು ಕಥೆ ತಾನಾಗೇ ಮುಂದೆ ಹೋಗುತ್ತೆ. ಇಂಥದ್ದು ಒಂದು ಪುಟ ಪ್ರತಿ ಅಡ್ವೆಂಚರ್ ಜೊತೆ ಅಚ್ಚಾಗಿ ಬಂದ್ರೆ ನನ್ನ ಅರ್ಧ ಕೆಲಸ ಮುಗೀತು.

ಇನ್ನು ಮಾನ್‌ಸ್ಟರ್‌ಗಳು. 2014ರ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ಲಿಚ್ ನೋಡಿ, ಸತ್ತರೂ ಸಾಯದ ಮಾಂತ್ರಿಕ, ಅವನ ಪಟ್ಟೀಲಿ 25ಕ್ಕೂ ಹೆಚ್ಚು ಸ್ಪೆಲ್ ಇದೆ, ಒಂದೊಂದರ ವಿವರಕ್ಕೂ ಬೇರೆ ಪುಸ್ತಕ ತೆಗೀಬೇಕು. ಹಿಟ್ ಪಾಯಿಂಟ್ (ಎಷ್ಟು ಏಟು ತಡ್ಕೋತಾನೆ ಅನ್ನೋ ಲೆಕ್ಕ) ಬರೀ 135, ದೊಡ್ಡ ಲೆವೆಲ್ ಆಟಗಾರರ ಗುಂಪಿನ ಮುಂದೆ ಮೂರ್ನಾಲ್ಕು ರೌಂಡ್ ಉಳಿದ್ರೆ ಹೆಚ್ಚು. ಅಂದ್ಮೇಲೆ ಅವನು ನಿಜವಾಗ್ಲೂ ಬಳಸೋದು ನಾಲ್ಕೈದು ಸ್ಪೆಲ್ ಅಷ್ಟೇ, ಯಾವುದು ಅನ್ನೋದೇ ಪ್ರಶ್ನೆ. ನನ್ನ ಕಾರ್ಡಲ್ಲಿ ಹೀಗಿರುತ್ತೆ: ಮೊದಲನೇ ರೌಂಡ್ ಗ್ಲೋಬ್ ಆಫ್ ಇನ್‌ವಲ್ನರಬಿಲಿಟಿ (ಸ್ಪೆಲ್ ತಡೆಯೋ ಗೋಳ), ಎರಡನೇದ್ರಲ್ಲಿ ಪವರ್ ವರ್ಡ್ ಸ್ಟನ್ (ಎದುರಾಳಿನ ಸ್ತಬ್ಧ ಮಾಡೋದು), ಯಾರಾದ್ರೂ 100 ಹಿಟ್ ಪಾಯಿಂಟ್‌ಗೆ ಇಳಿದ್ರು ಅನ್ಸಿದ್ರೆ ಪವರ್ ವರ್ಡ್ ಕಿಲ್ (ಕೊಲ್ಲೋದು), ತನಗೆ 50ಕ್ಕಿಂತ ಕಮ್ಮಿ ಉಳಿದ್ರೆ ಡೈಮೆನ್ಷನ್ ಡೋರ್ ಹಾಕಿ ಮಾಯವಾಗಿ ಪರಾರಿ. ಕ್ಲೌಡ್‌ಕಿಲ್ (ವಿಷದ ಮೋಡ) ಮುಟ್ಟಬೇಡ ಅಂತಾನೂ ಬರ್ಕೊಂಡಿರ್ತೀನಿ, ಅದಕ್ಕೂ ಗ್ಲೋಬಿಗೂ ಎರಡಕ್ಕೂ ಕಾನ್ಸಂಟ್ರೇಷನ್, ಅಂದ್ರೆ ಪೂರ್ತಿ ಗಮನ, ಬೇಕು, ಒಟ್ಟಿಗೆ ನಡೆಯಲ್ಲ. 2025ರಲ್ಲಿ ಬಂದ ಹೊಸ ಮ್ಯಾನ್ಯುಯಲ್‌ನಲ್ಲಿ ಸ್ಪೆಲ್ ಸ್ಲಾಟ್ (ಯಾವ ಮಟ್ಟದ ಸ್ಪೆಲ್ ಎಷ್ಟು ಸಲ ಅನ್ನೋ ಕೋಟಾ) ಲೆಕ್ಕ ತೆಗೆದು ಒಂದೊಂದು ಸ್ಪೆಲ್ ದಿನಕ್ಕೆ ಇಷ್ಟು ಸಲ ಅಂತ ಮಾಡಿದಾರೆ, ಒಳ್ಳೇದಾಯ್ತು, ಆದ್ರೆ ಹೇಗೆ ಕಾದಾಡ್ತಾನೆ ಅನ್ನೋ ನಾಲ್ಕು ಸಾಲು ಅವನ ಸ್ಟಾಟ್ ಬ್ಲಾಕ್ (ಅಂಕಿ-ಅಂಶದ ಪಟ್ಟಿ) ಕೆಳಗೆ ಇನ್ನೂ ಬಂದಿಲ್ಲ.

ಬೇಕಾಗಿದ್ದನ್ನ ಪಬ್ಲಿಷರ್ ಸರಿ ಮಾಡಿರೋ ಉದಾಹರಣೇನೂ ಇದೆ. 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ರೇರ್ ಮ್ಯಾಜಿಕ್ ಐಟಂ ಬೆಲೆ 501ರಿಂದ 5,000 ಚಿನ್ನದ ನಾಣ್ಯ ಅಂತಿತ್ತು, ಹತ್ತು ಪಟ್ಟು ಅಂತರ ಇಟ್ಕೊಂಡು ಅಂಗಡಿಯವನ ಬಾಯಿಂದ ನಾನು ಎಷ್ಟು ಅಂತ ಹೇಳಿಸ್ಲಿ? ಚೌಕಾಸಿಲೇ ಸೆಷನ್ ಮುಗಿಯುತ್ತೆ. ನಾನೇ ಒಂದು ರೇಟ್ ಲಿಸ್ಟ್ ಮಾಡಿ ಅಂಟಿಸ್ಕೊಂಡಿದ್ದೆ. 2024ರ ಗೈಡ್‌ನಲ್ಲಿ ಅನ್‌ಕಾಮನ್‌ಗೆ 400, ರೇರ್‌ಗೆ 4,000 ಅಂತ ಒಂದೇ ಅಂಕಿ ಕೊಟ್ರು, ನನ್ನ ಲಿಸ್ಟ್ ಹರಿದು ಹಾಕ್ದೆ.

ವಿಶ್ರಾಂತಿ ಲೆಕ್ಕ ಮಾತ್ರ ಈಗ್ಲೂ ನಂದೇ. ಖರ್ಚಾದ ಶಕ್ತಿ ಶಾರ್ಟ್ ರೆಸ್ಟಲ್ಲಿ ಸ್ವಲ್ಪ, ಲಾಂಗ್ ರೆಸ್ಟಲ್ಲಿ ಹೆಚ್ಚುಕಮ್ಮಿ ಪೂರ್ತಿ ವಾಪಸ್ ಬರುತ್ತೆ. 2014ರ ಗೈಡ್ ದಿನಕ್ಕೆ ಆರರಿಂದ ಎಂಟು ಫೈಟ್ ಅಂತ ಅಂದಾಜು ಕೊಟ್ಟಿತ್ತು, ನಮ್ಮಲ್ಲಿ ಒಂದೋ ಎರಡೋ ಆದ್ರೆ ದೊಡ್ಡದು, ಹಾಗಾಗಿ ಮಂತ್ರ ಹಾಕೋ ವಿಝಾರ್ಡ್ ಇರೋ ಸ್ಪೆಲ್ಲೆಲ್ಲ ಒಂದೇ ಫೈಟಲ್ಲಿ ಸುರಿದುಬಿಡ್ತಾನೆ, ಕತ್ತಿ ಹಿಡಿಯೋ ಫೈಟರ್ ಪಕ್ಕದಲ್ಲಿ ನಿಂತು ನೋಡ್ತಾನೆ. ಅದೇ ಪುಸ್ತಕದಲ್ಲಿ ಶಾರ್ಟ್ ರೆಸ್ಟ್‌ಗೆ 8 ಗಂಟೆ, ಲಾಂಗ್ ರೆಸ್ಟ್‌ಗೆ 7 ದಿನ ಅನ್ನೋ ಬದಲಿ ನಿಯಮ ಇದೆ, ಅದು ನಮಗೆ ಅತಿ ಆಯ್ತು, ಕಾಡಲ್ಲಿ ಮಲಗಿದ್ರೆ ಶಾರ್ಟ್ ರೆಸ್ಟ್, ಊರಲ್ಲಿ ಛಾವಣಿ ಕೆಳಗೆ ಮಲಗಿದ್ರೆ ಮಾತ್ರ ಲಾಂಗ್ ರೆಸ್ಟ್ ಅಂತ ಮಾಡ್ಕೊಂಡೆ. ಸರಿ ಹೋಯ್ತು.

ದೊಡ್ಡ ಲೆವೆಲ್‌ಗೆ ಬಂದ್ರೆ ನಿಯಮ 20ರವರೆಗೆ ಇದೆ, ರೆಡಿ ಅಡ್ವೆಂಚರ್‌ಗಳು ಹೆಚ್ಚಿನವು ಅದಕ್ಕೆ ಎಷ್ಟೋ ಮುಂಚೆನೇ ನಿಂತುಬಿಡ್ತವೆ. 13ನೇ ಲೆವೆಲ್‌ಗೆ ವಿಝಾರ್ಡ್ ಕೈಗೆ ಟೆಲಿಪೋರ್ಟ್ (ಕ್ಷಣದಲ್ಲಿ ದೂರದ ಊರು ಸೇರಿಸೋ ಸ್ಪೆಲ್) ಬಂತು ಅಂದ್ರೆ ಪ್ರಯಾಣದ ಕಥೆ ಅಲ್ಲಿಗೆ ಮುಗೀತು, 9ಕ್ಕೇ ಕ್ಲೆರಿಕ್ (ದೇವರ ಶಕ್ತಿ ಬಳಸೋ ಪಾತ್ರ) ಸತ್ತವರನ್ನ ಎಬ್ಬಿಸ್ತಾನೆ. ಅಲ್ಲಿಂದಾಚೆ ನಾನು ದೂರ, ಸಾವು ಎರಡನ್ನೂ ಬಿಟ್ಟು ಒಂದೇ ಹೊತ್ತಿಗೆ ಮೂರು ಕಡೆ ಬೆಂಕಿ ಹಚ್ತೀನಿ, ಎಲ್ಲಿಗೆ ಮೊದ್ಲು ಹೋಗ್ತೀರೋ ಹೋಗಿ, ಮಿಕ್ಕ ಎರಡು ಕಡೆ ಏನಾಗುತ್ತೆ ಅನ್ನೋದು ಹಾಳೇಲಿ ಬರೆದಾಗಿದೆ. ಇದನ್ನ ಹೇಗೆ ಕಟ್ಟಬೇಕು ಅಂತ ತೋರ್ಸೋಕೆ 15ರಿಂದ 20ರ ಮಧ್ಯೆ ಆಡೋ ನಾಲ್ಕೈದು ಸಣ್ಣ ಅಡ್ವೆಂಚರ್ ಸಾಕು, ಇನ್ನೂರು ಪುಟದ್ದು ಬೇಡ.

ಮಾಡಿಟ್ಟಿದ್ದನ್ನ ಎಲ್ಲರಿಗೂ ಹಂಚಬಾರ್ದಾ ಅಂತ ಕೇಳ್ತಾರೆ. ಸ್ವಲ್ಪ ಹಂಚಿದೀನಿ. 2023ರ ಜನವರಿಯಲ್ಲಿ ಎಸ್‌ಆರ್‌ಡಿ 5.1 ಅನ್ನೋ ಮೂಲ ನಿಯಮಗಳ ದಾಖಲೆನ ಪಬ್ಲಿಷರ್, ಮೂಲ ಹೇಳಿ ಯಾರು ಬೇಕಾದ್ರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ಗೆ ಬಿಟ್ರು, ಅದರಿಂದ 15 ಕಂಡಿಷನ್‌ಗಳ (ಕಣ್ಣು ಕಾಣದಿರೋದು, ವಿಷ ಏರೋದು ಥರದ ಸ್ಥಿತಿಗಳು) ಕಾರ್ಡ್ ಮಾಡಿ ಮೂಲ ಯಾವುದು ಅಂತ ಕೆಳಗೆ ಬರೆದು ಕೊಟ್ರೆ ತಂಟೆ ಇಲ್ಲ. ಆದ್ರೆ ಅಡ್ವೆಂಚರ್ ಪುಸ್ತಕದ ಕಥೆ, ಮ್ಯಾಪ್ ಅದರೊಳಗೆ ಬರಲ್ಲ, ನನ್ನ ಬೆವರು ಜಾಸ್ತಿ ಹೋಗಿರೋದೂ ಅಲ್ಲೇ, ಹಂಗಾಗಿ ಪ್ರತಿಯೊಬ್ಬ ಡಿಎಂ ತನ್ನ ಮನೇಲಿ ಅದೇ ಪುಸ್ತಕಕ್ಕೆ ಅದೇ ಹಾಳೆ ಮತ್ತೆ ಬರೀತಾನೆ. ಪಬ್ಲಿಷರ್ ಒಂದ್ಸಲ ಮಾಡಿದ್ರೆ ಎಲ್ಲರ ಶ್ರಮನೂ ಉಳಿಯುತ್ತೆ, ಅದರ ಜೊತೆಗೆ ಗುಪ್ತ ಬಾಗಿಲು, ಬಲೆ ಯಾವುದೂ ತೋರಿಸದ ಒಂದು ಮ್ಯಾಪು ಪ್ರತಿ ಪುಸ್ತಕದಲ್ಲೂ ಇರ್ಲಿ, ಆಟಗಾರರ ಮುಂದೆ ಹಾಸೋಕೆ ಅಂತ ಅದನ್ನೂ ನಾನೇ ಟ್ರೇಸ್ ಮಾಡ್ತಾ ಕೂತಿದೀನಿ.