ಕಾಲು ತೆಗೆದರೂ ಬ್ರೇಕ್ ಬಿಡುತ್ತಿಲ್ಲವೇ? ಹಳೇ ಕಾರಿನಲ್ಲಿ ದೋಷ ಹುಡುಕುವುದು ಹೀಗೆ

ಧಾರವಾಡದಿಂದ ಹುಬ್ಬಳ್ಳಿಗೆ ಹೊರಟಿದ್ದೆ. ಪಿ.ಬಿ. (ಪುಣೆ-ಬೆಂಗಳೂರು) ರೋಡಿನಲ್ಲಿ ನವಲೂರು ಬರುವಷ್ಟರಲ್ಲಿ ನಮ್ಮ ಹಳೇ ಮಾರುತಿ 800 ಎಳೆಯಲಾರದೆ ಎಳೆಯತೊಡಗಿತು. ಬ್ರೇಕ್ ಪೆಡಲ್ ಮೇಲೆಯೇ ಗಟ್ಟಿಯಾಗಿ ನಿಂತಿದೆ, ಒತ್ತಿದರೆ ಕಲ್ಲು ಒತ್ತಿದಂತೆ. ಕಾಲು ತೆಗೆದರೂ ಬ್ರೇಕ್ ಬಿಡುತ್ತಿಲ್ಲ. ಇಳಿದು ನೋಡಿದರೆ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ. ರಸ್ತೆ ಪಕ್ಕ ಒಂದು ಕೆಜಿ ಪೇರಲ ಹಣ್ಣು ಕೊಂಡು, ಎರಡು ತಿಂದು, ಅರ್ಧ ತಾಸು ಕಾದೆ. ಗಾಡಿ ಏನೂ ಆಗಿಲ್ಲವೆಂಬಂತೆ ಹೊರಟಿತು. ನವನಗರದ ಹತ್ತಿರ ಮತ್ತೆ ಅದೇ ಹಾಡು.

ಇಂಥ ಹೊತ್ತಿನಲ್ಲಿ ಸಿಗುವ ಸಲಹೆ ಒಂದೇ: "ಮಾಸ್ಟರ್ ಸಿಲಿಂಡರ್ ಬದಲಿ ಮಾಡ್ಸಿ ಬಿಡ್ರಿ." ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಪೈಪುಗಳ ಮೂಲಕ ಚಕ್ರಗಳಿಗೆ ತಳ್ಳುವ ಸಿಲಿಂಡರ್ ಅದು. ದುಡ್ಡು ಬಿಚ್ಚುವ ಮೊದಲು ಒಂದು ತಾಸು ಹುಡುಕಿ ನೋಡಿ. ಆದರೆ ಬ್ರೇಕ್ ಹಿಡಿದುಕೊಂಡಿರುವಾಗಲೇ ಹುಡುಕಬೇಕು. ತಣ್ಣಗಾದ ಮೇಲೆ ಗ್ಯಾರೇಜಿಗೆ ಒಯ್ದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಮೊದಲು ಕಾಲಿನ ಬುಡ ನೋಡಿ. ಎಂಜಿನ್ ಬಂದ್ ಮಾಡಿ, ಟಾರ್ಚ್ ಹಿಡಿದು ಬಗ್ಗಿ. ಮ್ಯಾಟ್ ಸರಿದು ಪೆಡಲಿಗೆ ಸಿಕ್ಕಿದೆಯಾ? ಮಳೆಗಾಲದಲ್ಲಿ ಬೂಟಿಗೆ ಮೆತ್ತಿದ ಎರಿ ಮಣ್ಣು ಅಲ್ಲೇ ಉದುರಿ ಒಣಗಿ ಗಟ್ಟಿಯಾಗಿರುತ್ತದೆ. ಪೆಡಲ್ ಕೆಳಗೇ ಉಳಿದಿದ್ದರೆ ಕೈಯಿಂದ ಮೇಲಕ್ಕೆ ಎಳೆಯಿರಿ. ಎಳೆದ ಕೂಡಲೇ ಬ್ರೇಕ್ ಬಿಟ್ಟರೆ ಪೆಡಲ್ ತಿರುಗುವ ಕಡೆಯ ಬುಷ್ ಒಣಗಿರಬಹುದು, ಸ್ಪ್ರಿಂಗ್ ಸೋತಿರಬಹುದು ಅಥವಾ ತುಂಡಾಗಿರಬಹುದು. ಕಾಲು ತೆಗೆದ ಮೇಲೂ ಹಿಂದಿನ ಬ್ರೇಕ್ ಲೈಟ್ ಉರಿಯುತ್ತಿದ್ದರೆ ಪೆಡಲ್ ಪೂರ್ತಿ ಮೇಲೆ ಬಂದಿಲ್ಲ ಎಂಬ ಅನುಮಾನಕ್ಕೆ ಜಾಗವಿದೆ.

ಆಮೇಲೆ ಪೆಡಲಿನ ಆಟ. ಎಂಜಿನ್ ಬಂದ್ ಇರುವಾಗಲೇ ನಾಲ್ಕೈದು ಸಲ ಪೆಡಲ್ ಒತ್ತಿ ಬೂಸ್ಟರಿನ (ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಭಾಗ) ವ್ಯಾಕ್ಯೂಮ್ ಖಾಲಿ ಮಾಡಿ. ಈಗ ಬೆರಳಿನಿಂದ ಮೆಲ್ಲಗೆ ಒತ್ತಿದರೆ ಮೊದಲ ಕೆಲವು ಮಿಲಿಮೀಟರ್ ಸಡಿಲವಾಗಿ ಹೋಗಬೇಕು. ಅಷ್ಟೂ ಆಟ ಇಲ್ಲವೆಂದರೆ ಪೆಡಲಿನ ಒತ್ತಡವನ್ನು ಸಿಲಿಂಡರಿಗೆ ಮುಟ್ಟಿಸುವ ಪುಶ್ ರಾಡ್ ಅಥವಾ ಬ್ರೇಕ್ ಲೈಟಿನ ಸ್ವಿಚ್ ಜಾಸ್ತಿ ಬಿಗಿಯಾಗಿ ಕೂತಿರಬಹುದು. ಯಾರಾದರೂ ಇತ್ತೀಚೆಗೆ ಅಲ್ಲಿ ಕೈ ಹಾಕಿದ್ದರೆ ಇದೇ ಮೊದಲ ಅನುಮಾನ.

ಇಷ್ಟಕ್ಕೆ ಸಿಗಲಿಲ್ಲವೆಂದರೆ ಗಾಡಿ ಎತ್ತಬೇಕು. ಸಮ ನೆಲ ಇರಲಿ, ಎತ್ತದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ, ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಇಡಿ. ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟು ಒಂದೊಂದೇ ಚಕ್ರ ಕೈಯಿಂದ ತಿರುಗಿಸಿ. ಒಂದೇ ಚಕ್ರ ಬಿಗಿಯಾಗಿದ್ದರೆ ದೋಷ ಆ ಚಕ್ರದ ಹತ್ತಿರವೇ ಇದೆ. ನಾಲ್ಕೂ ಬಿಗಿಯಾಗಿದ್ದರೆ ಬಾನೆಟ್ ಎತ್ತಿ.

ನಿಜವಾದ ಕೆಲಸ ಈಗ. ಬ್ರೇಕ್ ಆಯಿಲಿನ ಒತ್ತಡ ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡುತ್ತಾ ಮೇಲಿನಿಂದ ಕೆಳಗೆ ಬರಬೇಕು. ಮಾಸ್ಟರ್ ಸಿಲಿಂಡರನ್ನು ಬೂಸ್ಟರಿಗೆ ಹಿಡಿದಿರುವ ನಟ್ಟುಗಳನ್ನು ಎರಡು ಮೂರು ಸುತ್ತು ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಸಿಲಿಂಡರ್ ಸ್ವಲ್ಪ ಮುಂದೆ ಸರಿದು ಚಕ್ರ ತಿರುಗಿತಾ? ಹಾಗಾದರೆ ದೋಷ ರಾಡಿನದು ಅಥವಾ ಬೂಸ್ಟರಿನದು. ತಿರುಗದಿದ್ದರೆ ನಟ್ಟು ಬಿಗಿ ಮಾಡಿ, ಸಿಲಿಂಡರಿನಿಂದ ಹೊರಡುವ ಪೈಪಿನ ಕೆಳಗೆ ಬಟ್ಟೆ ಇಟ್ಟು ಅದರ ನಟ್ಟನ್ನು ಚೂರು ಸಡಿಲಿಸಿ. ಕಣ್ಣಿಗೆ ಕನ್ನಡಕ ಇರಲಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟರೆ ಮಾಸ್ಟರ್ ಸಿಲಿಂಡರ್. ಇಲ್ಲದಿದ್ದರೆ ಚಕ್ರದ ಬ್ಲೀಡರ್ (ಆಯಿಲ್ ಹೊರಬಿಡುವ ಸಣ್ಣ ತಿರುಪು) ತೆರೆಯಿರಿ. ಈಗ ಬಿಟ್ಟರೆ ಚಕ್ರಕ್ಕೆ ಆಯಿಲ್ ಒಯ್ಯುವ ರಬ್ಬರ್ ಹೋಸ್ ಒಳಗೇ ಊದಿದೆ: ಕಾಲಿನ ಒತ್ತಡಕ್ಕೆ ಆಯಿಲ್ ಹೋಗುತ್ತದೆ, ವಾಪಸ್ ಬರುವುದಿಲ್ಲ. ಹೊರಗಿನಿಂದ ಹೋಸ್ ಚೆನ್ನಾಗಿಯೇ ಕಾಣುತ್ತದೆ, ಅದನ್ನು ನಂಬಬೇಡಿ. ಆಗಲೂ ಬಿಡದಿದ್ದರೆ ಡಿಸ್ಕ್ ಹಿಡಿಯುವ ಕ್ಯಾಲಿಪರಿನ ಪಿಸ್ಟನ್ ಅಥವಾ ಪಿನ್ ತುಕ್ಕು ಹಿಡಿದಿದೆ. ಹಿಂದಿನ ಡ್ರಮ್ ಆದರೆ ವೀಲ್ ಸಿಲಿಂಡರ್, ಶೂ ಸ್ಪ್ರಿಂಗ್, ಹ್ಯಾಂಡ್ ಬ್ರೇಕ್ ಕೇಬಲ್ ನೋಡಿ. ಡ್ರಮ್ಮಿನ ಧೂಳನ್ನು ಬಾಯಿಂದ ಊದಬೇಡಿ. ಹಳೇ ಬ್ರೇಕ್ ಲೈನರಿನಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ.

ನಮ್ಮ ಗಾಡಿಯಲ್ಲಿ ಮಿಸ್ತ್ರಿ ಪೈಪ್ ಸಡಿಲಿಸಿದ ಕೂಡಲೇ ಚಿರ್ ಎಂದು ಆಯಿಲ್ ಬಂತು, ಚಕ್ರ ತಿರುಗಿತು. ಅವರು ಏನೂ ಮಾತಾಡದೆ ಮಾಸ್ಟರ್ ಸಿಲಿಂಡರಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರು. ಒಳಗಿನ ರಬ್ಬರ್ ಹುರಿದ ಹಪ್ಪಳದಂತೆ ಅಲೆ ಅಲೆಯಾಗಿ ಉಬ್ಬಿತ್ತು. ಮುಚ್ಚಳದೊಳಗೆ ಮತ್ತೆ ಕೂರಿಸಲು ಹೋದರೆ ಕೂರಲೇ ಇಲ್ಲ.

"ಸರ, ಇದಕ್ಕ ಯಾವ ಆಯಿಲ್ ಹಾಕ್ಸೀರಿ?"

ಎರಡು ತಿಂಗಳ ಹಿಂದೆ ಬೇರೊಂದು ಕಡೆ ಸರ್ವೀಸ್ ಆಗುವಾಗ ಯಾರೋ "ಆಯಿಲ್ ಕಡಿಮೆ ಐತಿ" ಎಂದು ಸುರಿದಿದ್ದರು. ನಾನೂ ಸುಮ್ನೆ ನೋಡುತ್ತಾ ನಿಂತಿದ್ದೆ. ಮಿಸ್ತ್ರಿ ಒಂದು ಗ್ಲಾಸು ನೀರಿಗೆ ಡಬ್ಬಿಯ ಆಯಿಲ್ ನಾಲ್ಕು ಹನಿ ಬಿಟ್ಟು ಕಲಕಿದರು. ಸಾಮಾನ್ಯ ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆಯುತ್ತದೆ. ಎಂಜಿನ್ ಆಯಿಲ್, ಸ್ಟೀರಿಂಗ್ ಆಯಿಲ್ ಬೆರೆಯದೆ ತೇಲುತ್ತವೆ. ನಮ್ಮದು ತೇಲಿತು.

ಮಾಸ್ಟರ್ ಸಿಲಿಂಡರಿನಲ್ಲಿ ಸೂಜಿಯ ಮೊನೆಯಷ್ಟು ಸಣ್ಣ ತೂತು ಇರುತ್ತದೆ. ಕಾಲು ತೆಗೆದಾಗ ಆಯಿಲ್ ಡಬ್ಬಿಗೆ ವಾಪಸ್ ಹೋಗುವ ದಾರಿ ಅದೇ. ತಪ್ಪು ಆಯಿಲಿಗೆ ರಬ್ಬರ್ ಕಪ್ ಊದಿ ಅದನ್ನು ಮುಚ್ಚಿಬಿಡುತ್ತದೆ. ಬ್ರೇಕ್ ಬಿಸಿಯಾದಂತೆ ಆಯಿಲ್ ಹಿಗ್ಗುತ್ತದೆ, ಹೋಗಲು ದಾರಿಯಿಲ್ಲ, ಬ್ರೇಕ್ ಇನ್ನೂ ಬಿಗಿಯಾಗುತ್ತದೆ. ತಣ್ಣಗಾದರೆ ಬಿಡುತ್ತದೆ. ನಾನು ಪೇರಲ ತಿನ್ನುತ್ತಾ ಕೂತಾಗ ಆದದ್ದು ಇದೇ.

ಇಂಥ ಆಯಿಲ್ ಸೇರಿದ್ದರೆ ಮಾಸ್ಟರ್ ಸಿಲಿಂಡರ್ ಒಂದನ್ನೇ ರಿಪೇರಿ ಮಾಡಿಸಿ ಪ್ರಯೋಜನವಿಲ್ಲ. ಪೈಪುಗಳನ್ನು ತೊಳೆಸಿ, ನಾಲ್ಕೂ ಚಕ್ರದ ರಬ್ಬರ್, ಹೋಸ್ ಎಲ್ಲ ಬದಲಿಸಬೇಕು. ಖರ್ಚು ಜಾಸ್ತಿಯೇ. ಹೊಸ ರಬ್ಬರನ್ನು ಪೆಟ್ರೋಲಿನಲ್ಲಿ ತೊಳೆಯಲು ಬಿಡಬೇಡಿ, ಅದೂ ಊದುತ್ತದೆ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬ್ರೇಕ್ ಆಯಿಲಿನ ದರ್ಜೆ ಬರೆದಿರುತ್ತದೆ, ಅದನ್ನೇ ಸೀಲ್ ಒಡೆಯದ ಬಾಟಲಿಯಿಂದ ಹಾಕಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಸುರಿಯಿರಿ, ಇಲ್ಲದಿದ್ದರೆ ಬಣ್ಣ ಏಳುತ್ತದೆ.

ಸಡಿಲಿಸಿದ್ದನ್ನೆಲ್ಲ ಬಿಗಿ ಮಾಡಿ, ಪೈಪಿನೊಳಗೆ ಸೇರಿದ ಏರ್ ತೆಗೆದು, ಪೆಡಲ್ ಒತ್ತಿದರೆ ಮೆತ್ತಗೆ ಕೆಳಗಿಳಿಯುತ್ತಿಲ್ಲ, ಕಾಲು ತೆಗೆದರೆ ಬ್ರೇಕ್ ಬಿಡುತ್ತಿದೆ ಎಂದು ಖಾತ್ರಿಯಾದ ಮೇಲೆಯೇ ಗಾಡಿ ಹೊರಗೆ ತೆಗೆಯಿರಿ. ಮೊದಲು ಮನೆ ಮುಂದಿನ ಓಣಿಯಲ್ಲಿ ನಿಧಾನಕ್ಕೆ ಓಡಿಸಿ. ಆಮೇಲೆ ನಾಲ್ಕೈದು ಕಿಲೋಮೀಟರ್ ಹೋಗಿ ಇಳಿದು, ಚಕ್ರದ ಹತ್ತಿರ ಅಂಗೈ ಹಿಡಿದು ಎಡ ಬಲ ಹೋಲಿಸಿ. ಮುಟ್ಟಬೇಡಿ, ಸುಡುತ್ತದೆ. ಹಿಂದಿನದಕ್ಕಿಂತ ಮುಂದಿನವು ಬಿಸಿ ಇರುವುದು ಸಹಜ. ಎಡಕ್ಕೂ ಬಲಕ್ಕೂ ತುಂಬಾ ವ್ಯತ್ಯಾಸ ಇದ್ದರೆ ಜಾಕ್ ಮತ್ತೆ ಹೊರತೆಗೆದು ಹುಡುಕಿ.